ಮೊಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ಎಂಥ ಊರು?

ಪ್ರಶ್ನೆ: ಪ್ರತಿ ವರ್ಷ ಜುಲೈ 1ಕ್ಕೆ ಪತ್ರಿಕಾ ದಿನ ಬಂದಾಗ ಕನ್ನಡದ ಮೊದಲ ಪತ್ರಿಕೆ ತಂದ ಹರ್ಮನ್ ಮೊಗ್ಲಿಂಗ್ ಹೆಸರು ಕೇಳುತ್ತೇವೆ. 'ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟಿದರು' ಎಂಬ ಒಂದು ಸಾಲಿಗೆ ಆ ಊರಿನ ಮಾತು ಮುಗಿದುಬಿಡುತ್ತದೆ. ಅದು ಹಳ್ಳಿಯೋ ಪಟ್ಟಣವೋ? ಅಲ್ಲಿ ನಮ್ಮ ಪುರಸಭೆಯಂಥದ್ದು ಇದೆಯಾ? ನನ್ನ ಮಗಳು ಕೆಲಸದ ಮೇಲೆ ಹೈಲ್‌ಬ್ರಾನ್‌ಗೆ ಹೋಗುತ್ತಿದ್ದಾಳೆ. ಭೂಪಟದಲ್ಲಿ ನೋಡಿದರೆ ಎರಡೂ ಊರು ಹತ್ತಿರ ಕಾಣುತ್ತವೆ. ಒಂದು ದಿನ ಹೋಗಿ ನೋಡುವಂಥದ್ದು ಅಲ್ಲಿ ಏನಿದೆ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ಮೊಗ್ಲಿಂಗ್ ಬಗ್ಗೆ ನಮ್ಮಲ್ಲಿ ಬರೆದಿದ್ದಾರೆ. ಅವರು ಬಂದ ಊರಿನ ಬಗ್ಗೆ ಕೇಳುವವರು ಕಡಿಮೆ. ಆ ಊರಿಗೆ ಅದರದೇ ಆದ ಕಥೆ ಇದೆ, ಮತ್ತು ಆ ಕಥೆಯಲ್ಲಿ ಪತ್ರಿಕೆಯ ಕೆಲಸ ಮಾಡಿದವರು ಮೊಗ್ಲಿಂಗ್ ಒಬ್ಬರೇ ಅಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಊರು ಎಲ್ಲಿದೆ ಎಂದು ಹೇಳುತ್ತೇನೆ. ಜರ್ಮನಿಯ ನೈಋತ್ಯ ಮೂಲೆಯಲ್ಲಿ ಬಾಡೆನ್-ವುರ್ಟೆಂಬರ್ಗ್ ಎಂಬ ರಾಜ್ಯವಿದೆ. ಸ್ಟುಟ್‌ಗಾರ್ಟ್ ಅದರ ರಾಜಧಾನಿ. ಸ್ಟುಟ್‌ಗಾರ್ಟ್‌ನಿಂದ ಉತ್ತರಕ್ಕೆ ನೆಕಾರ್ ನದಿಯ ಜಾಡು ಹಿಡಿದು ಹೋದರೆ ಹೈಲ್‌ಬ್ರಾನ್ ಸಿಗುತ್ತದೆ. ಹೈಲ್‌ಬ್ರಾನ್ ತಲುಪುವುದಕ್ಕೆ ಸ್ವಲ್ಪ ಮೊದಲು ಲೌಫೆನ್ ಎಂಬ ಊರಿನಲ್ಲಿ ಪಶ್ಚಿಮದ ಕಡೆಯಿಂದ ಒಂದು ಸಣ್ಣ ಹೊಳೆ ಬಂದು ನೆಕಾರ್‌ಗೆ ಸೇರುತ್ತದೆ. ಅದರ ಹೆಸರು ತ್ಸಾಬರ್. ಉದ್ದ ಬರೀ 22 ಕಿಲೋಮೀಟರ್. ಈ ಹೊಳೆಯ ಬಯಲಿಗೆ ತ್ಸಾಬರ್‌ಗೌ ಎನ್ನುತ್ತಾರೆ. 'ಗೌ' ಅಂದರೆ ಸೀಮೆ. ಆ ಸೀಮೆಯ ದೊಡ್ಡ ಊರೇ ಬ್ರಾಕೆನ್‌ಹೈಮ್. ಹೈಲ್‌ಬ್ರಾನ್‌ನಿಂದ ಸುಮಾರು 15 ಕಿಲೋಮೀಟರ್ ದೂರ.

ಬಯಲಿನ ದಕ್ಷಿಣಕ್ಕೆ ಸ್ಟ್ರೋಮ್‌ಬರ್ಗ್ ಗುಡ್ಡಸಾಲು, ಉತ್ತರಕ್ಕೆ ಹೊಯ್ಶೆಲ್‌ಬರ್ಗ್ ಗುಡ್ಡಸಾಲು. ಎರಡೂ ಎತ್ತರದ ಬೆಟ್ಟಗಳಲ್ಲ. ನೆತ್ತಿಯ ಮೇಲೆ ಕಾಡು, ಬಿಸಿಲು ಬೀಳುವ ಇಳಿಜಾರಿನಲ್ಲಿ ದ್ರಾಕ್ಷಿ, ಕೆಳಗಿನ ಮಟ್ಟಸ ನೆಲದಲ್ಲಿ ಗೋಧಿ ಮತ್ತು ಸಕ್ಕರೆ ಬೀಟ್‌ರೂಟ್. ಕೆಳಗಿನ ನೆಲದ ಮೇಲೆ ಹಿಮಯುಗದಲ್ಲಿ ಗಾಳಿ ತಂದು ಹಾಸಿದ ನಯವಾದ, ಫಲವತ್ತಾದ ಮಣ್ಣಿದೆ. ಗುಡ್ಡದ ಮೈಯಲ್ಲಿ ಜೇಡಿಮಣ್ಣಿನ ಪದರ, ಮೇಲೆ ಮರಳುಗಲ್ಲು. ಆ ಮರಳುಗಲ್ಲನ್ನೇ ಕಡಿದು ತಂದು ಹಳೆಯ ಚರ್ಚು, ಮನೆ ಕಟ್ಟಿದರು. ಎರಡು ಗುಡ್ಡಗಳ ನಡುವೆ ತಗ್ಗಿನಲ್ಲಿ ಇರುವುದರಿಂದ ಇಲ್ಲಿ ಚಳಿ ಸ್ವಲ್ಪ ಕಡಿಮೆ. ಇಷ್ಟು ಗೊತ್ತಿದ್ದರೆ ಇಲ್ಲಿ ಊರುಗಳು ಯಾಕೆ ಇಷ್ಟು ಹತ್ತಿರ ಹತ್ತಿರ ಇವೆ ಅಂತ ಕೇಳಬೇಕಾಗಿಲ್ಲ. ಒಳ್ಳೆ ಮಣ್ಣು, ಪಕ್ಕದಲ್ಲೇ ನೀರು, ಕಟ್ಟಲು ಕಲ್ಲು. ಜನ ಬಹಳ ಹಿಂದೆಯೇ ಬಂದು ನೆಲೆಸಿದರು.

ಎಷ್ಟು ಹಿಂದೆ ಅಂದರೆ, ರೋಮನ್ನರ ಕಾಲದ ತೋಟದ ಮನೆಗಳು ಈ ಸೀಮೆಯಲ್ಲಿದ್ದವು. 1964ರಲ್ಲಿ ಹೌಸೆನ್ ಎಂಬ ಪಕ್ಕದ ಹಳ್ಳಿಯಲ್ಲಿ ಜೂಪಿಟರ್ ದೇವರ ದೊಡ್ಡ ಕಲ್ಲುಕಂಬವೊಂದು ನೆಲದಲ್ಲಿ ಸಿಕ್ಕಿತು. ಕಂಬದ ತುದಿಯಲ್ಲಿ ಕುದುರೆ ಏರಿದ ದೇವರು, ಕುದುರೆಯ ಕಾಲ ಕೆಳಗೆ ರಾಕ್ಷಸ. ಮೂಲ ಕಂಬ ಸ್ಟುಟ್‌ಗಾರ್ಟ್‌ನ ಮ್ಯೂಸಿಯಂನಲ್ಲಿದೆ. ಹಳ್ಳಿಯಲ್ಲಿ ಅದರ ಪ್ರತಿ ನಿಲ್ಲಿಸಿದ್ದಾರೆ. ಹೌಸೆನ್ ಈಗ ಬ್ರಾಕೆನ್‌ಹೈಮ್‌ನ ಒಂದು ಭಾಗ.

ಊರ ಹೆಸರುಗಳನ್ನು ಗಮನಿಸಿ. ಬ್ರಾಕೆನ್‌ಹೈಮ್, ಮೈಮ್ಸ್‌ಹೈಮ್, ಬೋಟೆನ್‌ಹೈಮ್, ಸ್ಟಾಕ್‌ಹೈಮ್. ನಮ್ಮಲ್ಲಿ ಊರ ಹೆಸರಿನ ಕೊನೆಗೆ 'ಹಳ್ಳಿ', 'ಊರು' ಬಂದ ಹಾಗೆ ಅಲ್ಲಿ 'ಹೈಮ್' ಬರುತ್ತದೆ. ಅಂದರೆ ಮನೆ, ವಾಸದ ಜಾಗ. ರೋಮನ್ನರು ಹೋದ ಮೇಲೆ ಜರ್ಮನ್ ಬುಡಕಟ್ಟುಗಳು ನೆಲೆಯೂರಿದ ಕಾಲದ ಗುರುತು ಅದು.

ಇನ್ನು ಹಳ್ಳಿಯೋ ಪಟ್ಟಣವೋ ಎಂಬ ಪ್ರಶ್ನೆ. ಇದಕ್ಕೆ ಜನಸಂಖ್ಯೆ ನೋಡಿ ಉತ್ತರ ಹೇಳಲು ಆಗುವುದಿಲ್ಲ. ಬ್ರಾಕೆನ್‌ಹೈಮ್‌ನಲ್ಲಿ ಇವತ್ತು ಇರುವುದು 16 ಸಾವಿರದ ಆಸುಪಾಸು ಜನ. ಅದೂ ಸುತ್ತಲಿನ ಹಳ್ಳಿಗಳನ್ನು ಸೇರಿಸಿ. ಆದರೆ ಅದು 1280ರಿಂದಲೂ 'ಸ್ಟಾಟ್', ಅಂದರೆ ಪಟ್ಟಣ. ಆ ವರ್ಷ ಜರ್ಮನಿಯ ರಾಜ ರೂಡಾಲ್ಫ್ ಊರಿಗೆ ಪಟ್ಟಣದ ಹಕ್ಕು ಕೊಟ್ಟ. ಆಗ ಊರು ಮಾಗೆನ್‌ಹೈಮ್ ಎಂಬ ಪಾಳೆಯಗಾರ ಮನೆತನದ ಕೈಯಲ್ಲಿತ್ತು. ಆ ಕಾಲದಲ್ಲಿ ಪಟ್ಟಣದ ಹಕ್ಕು ಅಂದರೆ ಬರೀ ಬಿರುದಲ್ಲ. ಊರ ಸುತ್ತ ಗೋಡೆ ಕಟ್ಟಬಹುದು. ಸಂತೆ ನಡೆಸಬಹುದು. ಊರಿನೊಳಗೇ ನ್ಯಾಯ ಹೇಳಬಹುದು. ಹಳ್ಳಿಗೆ ಇದ್ಯಾವುದೂ ಇಲ್ಲ. ಒಮ್ಮೆ ಈ ಹಕ್ಕು ಸಿಕ್ಕಿತೆಂದರೆ, ಜನ ಕಡಿಮೆಯಾದರೂ ಊರು ಪಟ್ಟಣವೇ. ಜರ್ಮನಿಯಲ್ಲಿ ಕೆಲವು ನೂರು ಜನ ಇರುವ ಪಟ್ಟಣಗಳೂ ಇವೆ. ಹಾಗೆಯೇ 10 ಸಾವಿರ ಜನ ಇದ್ದೂ ಪಟ್ಟಣ ಅನ್ನಿಸಿಕೊಳ್ಳದ ಊರುಗಳೂ ಇವೆ.

14ನೇ ಶತಮಾನದಲ್ಲಿ ಊರು ವುರ್ಟೆಂಬರ್ಗ್ ದೊರೆಗಳ ಕೈಗೆ ಬಂತು. ಅಲ್ಲಿಂದ ಮುಂದೆ ಸುತ್ತಲಿನ ಹಳ್ಳಿಗಳಿಗೆಲ್ಲ ಇದೇ ಕೇಂದ್ರ. ಕಂದಾಯ ಕಟ್ಟುವುದು, ತಕರಾರು ಹೇಳಿಕೊಳ್ಳುವುದು ಎಲ್ಲ ಇಲ್ಲಿಯೇ. 16ನೇ ಶತಮಾನದಲ್ಲಿ ದೊರೆಗಳು ಇಲ್ಲೊಂದು ಅರಮನೆಯನ್ನೂ ಕಟ್ಟಿಸಿದರು, ಅದು ಇನ್ನೂ ಇದೆ. 1534ರಲ್ಲಿ ದೊರೆ ಉಲ್ರಿಚ್ ತನ್ನ ಸೀಮೆಯಲ್ಲಿ ಲೂಥರ್ ಪಂಥವನ್ನು, ಅಂದರೆ ಕ್ಯಾಥೋಲಿಕ್ ಚರ್ಚಿನಿಂದ ಬೇರೆಯಾದ ಪ್ರಾಟೆಸ್ಟಂಟ್ ಮತವನ್ನು ತಂದ. ಬ್ರಾಕೆನ್‌ಹೈಮ್ ಪ್ರಾಟೆಸ್ಟಂಟ್ ಊರಾಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೆಯ ಜರ್ಮನಿ ಅರ್ಥವಾಗುವುದು ಇಂಥ ಕಡೆಯೇ. ಬ್ರಾಕೆನ್‌ಹೈಮ್‌ಗೆ ಹತ್ತಿರದಲ್ಲೇ ಸ್ಟಾಕ್‌ಹೈಮ್ ಎಂಬ ಹಳ್ಳಿ ಇದೆ. ಅದು ವುರ್ಟೆಂಬರ್ಗ್ ದೊರೆಗೆ ಸೇರಿರಲಿಲ್ಲ. ಟ್ಯೂಟಾನಿಕ್ ಆರ್ಡರ್ ಎಂಬ ಧಾರ್ಮಿಕ ಯೋಧರ ಸಂಘಕ್ಕೆ ಸೇರಿತ್ತು. ದೊರೆಯ ಮತವೇ ಪ್ರಜೆಗಳ ಮತ ಎಂಬ ಕಾಲ ಅದು. ಹಾಗಾಗಿ ಸ್ಟಾಕ್‌ಹೈಮ್ ಕ್ಯಾಥೋಲಿಕ್ ಆಗಿಯೇ ಉಳಿಯಿತು. ಇನ್ನೊಂದು ಬದಿಯ ನೈಪರ್ಗ್ ಹಳ್ಳಿ ನೈಪರ್ಗ್ ಮನೆತನದ ಸ್ವಂತ ಜಹಗೀರು. ಎರಡು ಗೋಪುರಗಳ ಅವರ ಕೋಟೆ ಇವತ್ತಿಗೂ ಹಳ್ಳಿಯ ಮೇಲೆ ನಿಂತಿದೆ. ನೆಪೋಲಿಯನ್ ಸತ್ತ ಮೇಲೆ ಅವನ ಹೆಂಡತಿ ಮರೀ ಲೂಯಿಸ್ ಮದುವೆಯಾದದ್ದು ಇದೇ ಮನೆತನದ ಆಡಮ್ ಆಲ್ಬರ್ಟ್ ಎಂಬ ಸೇನಾಪತಿಯನ್ನು. ಒಂದು ಬೆಳಗಿನ ನಡಿಗೆಯಲ್ಲಿ ಮೂರು ಬೇರೆ ಬೇರೆ ಒಡೆಯರ ನೆಲ ದಾಟಬಹುದಿತ್ತು ಅಂದರೆ ಯೋಚಿಸಿ. ನೆಪೋಲಿಯನ್ ಕಾಲದಲ್ಲಿ ಈ ಚೂರುಗಳೆಲ್ಲ ವುರ್ಟೆಂಬರ್ಗ್‌ಗೆ ಸೇರಿಹೋದವು. 1806ರಲ್ಲಿ ವುರ್ಟೆಂಬರ್ಗ್ ಒಂದು ರಾಜ್ಯವೇ ಆಯಿತು, ಅದರ ದೊರೆ ರಾಜನಾದ.

ಐದು ವರ್ಷ ಕಳೆದು, 1811ರ ಮೇ 29ರಂದು ಈ ಹೊಸ ರಾಜ್ಯದ ಈ ಸಣ್ಣ ಪಟ್ಟಣದಲ್ಲಿ ಹರ್ಮನ್ ಮೊಗ್ಲಿಂಗ್ ಹುಟ್ಟಿದರು. ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರ ಓದಿದರು. ಬಾಸೆಲ್ ಮಿಷನ್ ಸೇರಿದರು. 1836ರಲ್ಲಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಟಿತು. ಹದಿನೈದು ದಿನಕ್ಕೊಮ್ಮೆ ಬರುವ, ಕಲ್ಲಚ್ಚಿನಲ್ಲಿ ಮುದ್ರಿಸಿದ ಪತ್ರಿಕೆ. ಆಮೇಲೆ ಅವರು ಕೈಗೆತ್ತಿಕೊಂಡ ಕೆಲಸ ಇನ್ನೂ ದೊಡ್ಡದು. ಓಲೆಗರಿಯಲ್ಲಿದ್ದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳಂಥವನ್ನು ಕಲೆಹಾಕಿ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದರು. ಈ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕೊಡಗಿನಲ್ಲೂ ಕೆಲವು ವರ್ಷ ಇದ್ದು, 1860ರಲ್ಲಿ ಊರ ಕಡೆ ಹೊರಟರು. 1881ರಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು, ಹಾಗಾಗಿ ಬೇಗ ಹೇಳಿ ಮುಗಿಸಿದೆ.

ಬ್ರಾಕೆನ್‌ಹೈಮ್‌ಗೆ ಹೋಗಿ 'ನಿಮ್ಮೂರಿನ ದೊಡ್ಡ ಮನುಷ್ಯ ಯಾರು?' ಎಂದು ಕೇಳಿದರೆ ಜನ ಹೇಳುವ ಹೆಸರು ಬೇರೆ. ತಿಯೋಡೋರ್ ಹಾಯ್ಸ್. ಅವರು ಹುಟ್ಟಿದ್ದು 1884ರ ಜನವರಿ 31ರಂದು. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಾಧ್ಯಕ್ಷ. 1949ರಿಂದ 1959ರವರೆಗೆ ಹತ್ತು ವರ್ಷ ಆ ಸ್ಥಾನದಲ್ಲಿದ್ದರು. ತಂದೆ ರಸ್ತೆ ಇಲಾಖೆಯ ಎಂಜಿನಿಯರ್. ಹುಡುಗ ಆರು ವರ್ಷದವನಿದ್ದಾಗ, 1890ರಲ್ಲಿ, ಮನೆಯವರು ಹೈಲ್‌ಬ್ರಾನ್‌ಗೆ ಹೋದರು.

ಆರಂಭದಲ್ಲಿ ಹೇಳಿದ್ದೆನಲ್ಲ, ಪತ್ರಿಕೆಯ ಕೆಲಸ ಮಾಡಿದವರು ಮೊಗ್ಲಿಂಗ್ ಒಬ್ಬರೇ ಅಲ್ಲ ಅಂತ. ಹಾಯ್ಸ್ ಕೂಡ ಪತ್ರಕರ್ತರೇ. ಮೊದಲ ಮಹಾಯುದ್ಧದ ಕಾಲದಲ್ಲಿ ಹೈಲ್‌ಬ್ರಾನ್‌ನ ದಿನಪತ್ರಿಕೆಯೊಂದರ ಸಂಪಾದಕರಾಗಿದ್ದರು. 1945ರಲ್ಲಿ ನಾಜಿ ಆಳ್ವಿಕೆ ಮುಗಿದ ಮೇಲೆ ಹೈಡೆಲ್‌ಬರ್ಗ್‌ನಲ್ಲಿ ಹೊಸ ಪತ್ರಿಕೆ ಶುರು ಮಾಡಲು ಅನುಮತಿ ಪಡೆದವರಲ್ಲಿ ಅವರೂ ಒಬ್ಬರು. ಕನ್ನಡದ ಮೊದಲ ಪತ್ರಿಕೆ ತಂದವರು, ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಾಧ್ಯಕ್ಷರಾದ ಸಂಪಾದಕರು, ಇಬ್ಬರೂ ಒಂದೇ ಸಣ್ಣ ಊರಿನಲ್ಲಿ ಹುಟ್ಟಿದರು. ನನಗೆ ಇದು ಗೊತ್ತಾದ ದಿನ ಮೈ ಜುಂ ಅಂದಿತ್ತು. ಜುಲೈ 1ರ ಭಾಷಣಗಳಲ್ಲಿ ಇದನ್ನು ಯಾರಾದರೂ ಹೇಳಬೇಕು ಅಂತ ನನ್ನ ಆಸೆ.

ಹಾಯ್ಸ್ ಡಾಕ್ಟರೇಟಿಗೆ ಬರೆದ ವಿಷಯವೂ ಈ ನೆಲದ್ದೇ. 1905ರಲ್ಲಿ ಅವರು ಬರೆದದ್ದು ಹೈಲ್‌ಬ್ರಾನ್‌ನ ದ್ರಾಕ್ಷಿ ಬೇಸಾಯ ಮತ್ತು ದ್ರಾಕ್ಷಿ ಬೆಳೆಗಾರರ ಬಗ್ಗೆ. ಈ ಸೀಮೆಯವರಿಗೆ ದ್ರಾಕ್ಷಿ ಅಂದರೆ ಹಾಗೆ. ಬ್ರಾಕೆನ್‌ಹೈಮ್‌ನಲ್ಲಿ ಈಗ ಸುಮಾರು 800 ಹೆಕ್ಟೇರ್ ದ್ರಾಕ್ಷಿ ತೋಟವಿದೆ. ವುರ್ಟೆಂಬರ್ಗ್ ಸೀಮೆಯಲ್ಲಿ ಇಷ್ಟು ದ್ರಾಕ್ಷಿ ಬೆಳೆಯುವ ಊರು ಇನ್ನೊಂದಿಲ್ಲ. ಲೆಂಬರ್ಗರ್ ಎಂಬ ಕಪ್ಪು ದ್ರಾಕ್ಷಿ ಇಲ್ಲಿನ ಹೆಮ್ಮೆ. ಅದನ್ನು ಈ ಕಡೆಗೆ ತಂದವರು ನೈಪರ್ಗ್ ಮನೆತನದವರು ಎಂದು ಹೇಳುತ್ತಾರೆ. ಆಸ್ಟ್ರಿಯಾದಲ್ಲಿ ಅದೇ ದ್ರಾಕ್ಷಿಗೆ ಬ್ಲೌಫ್ರೆಂಕಿಶ್ ಎಂದು ಹೆಸರು. ಬೆಳೆಗಾರರಲ್ಲಿ ಬಹಳ ಮಂದಿ ಸಣ್ಣ ಹಿಡುವಳಿಯವರು. ಒಬ್ಬೊಬ್ಬರೇ ವೈನ್ ತಯಾರಿಸಿ ಮಾರುವುದು ಕಷ್ಟ. ಅದಕ್ಕೇ ಸಹಕಾರ ಸಂಘ ಕಟ್ಟಿಕೊಂಡು, ಹಣ್ಣನ್ನು ಅಲ್ಲಿಗೆ ಹಾಕುತ್ತಾರೆ. ನಮ್ಮ ಹಾಲಿನ ಡೇರಿ ನೋಡಿದವರಿಗೆ ಇದು ಹೊಸದಲ್ಲ.

ಈಗ ಊರು ಕಳೆದುಕೊಂಡದ್ದರ ಬಗ್ಗೆ. ಆಡಳಿತದ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಬ್ರಾಕೆನ್‌ಹೈಮ್ ಬಹಳ ಕಾಲ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಗಾತ್ರದಲ್ಲಿ ಅದು ನಮ್ಮ ತಾಲ್ಲೂಕಿನಷ್ಟೂ ಇರಲಿಲ್ಲ. 1938ರಲ್ಲಿ, ನಾಜಿಗಳ ಕಾಲದಲ್ಲಿ, ಆ ಜಿಲ್ಲೆಯನ್ನು ರದ್ದು ಮಾಡಿ ಬಹುಪಾಲನ್ನು ಹೈಲ್‌ಬ್ರಾನ್ ಜಿಲ್ಲೆಗೆ ಸೇರಿಸಿದರು. ಊರಿನವರನ್ನು ಯಾರೂ ಕೇಳಲಿಲ್ಲ. ಕಚೇರಿ ಹೋಯಿತು, ಕಚೇರಿಯ ಕೆಲಸಗಾರರು ಹೋದರು, ಕೆಲಸಕ್ಕೆ ಬಂದು ಹೋಗುವ ಹಳ್ಳಿಯವರು ಕಡಿಮೆಯಾದರು. ಕೋರ್ಟ್ ಮಾತ್ರ ಉಳಿಯಿತು. ಇವತ್ತಿಗೂ ಬ್ರಾಕೆನ್‌ಹೈಮ್‌ನಲ್ಲಿ ಕೆಳಹಂತದ ಕೋರ್ಟ್ ಇದೆ.

ರೈಲಿನ ಕಥೆಯೂ ಅಂಥದ್ದೇ. 1896ರಲ್ಲಿ ಲೌಫೆನ್‌ನಿಂದ ಬ್ರಾಕೆನ್‌ಹೈಮ್ ಮೇಲೆ ಹಾದು ಗ್ಯುಗ್ಲಿಂಗೆನ್‌ವರೆಗೆ ಪುಟ್ಟ ರೈಲು ಬಂತು. ನ್ಯಾರೋ ಗೇಜ್, ಹಳಿಗಳ ನಡುವೆ ಬರೀ 75 ಸೆಂಟಿಮೀಟರ್ ಅಂತರ. 1901ರಲ್ಲಿ ಅದು ಬಯಲಿನ ಕೊನೆಯ ಲೇಯೋನ್‌ಬ್ರಾನ್‌ವರೆಗೆ ಹೋಯಿತು. 1960ರ ದಶಕದಲ್ಲಿ ಖರ್ಚು ಮಾಡಿ ಹಳಿ ಕಿತ್ತು ಅಗಲ ಮಾಡಿದರು. ಅದಾಗಿ ಇಪ್ಪತ್ತು ಚಿಲ್ಲರೆ ವರ್ಷ ಕಳೆಯುವಷ್ಟರಲ್ಲಿ, 1986ರಲ್ಲಿ, ಪ್ರಯಾಣಿಕರ ರೈಲು ನಿಂತೇ ಹೋಯಿತು. ಕಾರು ಬಂದಿತ್ತು, ಬಸ್ ಬಂದಿತ್ತು. ರೈಲನ್ನು ಮತ್ತೆ ಶುರು ಮಾಡಬೇಕು ಎಂಬ ಮಾತು ಆಗಿನಿಂದ ಬಿಟ್ಟಿಲ್ಲ. ಇದು ಬರೀ ಹಳೆ ನೆನಪಿನ ಮೋಹ ಅಂತ ನನಗೆ ಅನ್ನಿಸುವುದಿಲ್ಲ. ದಿನಾ ಹೈಲ್‌ಬ್ರಾನ್‌ಗೋ ಸ್ಟುಟ್‌ಗಾರ್ಟ್‌ಗೋ ಕೆಲಸಕ್ಕೆ ಹೋಗುವ ಜನ ಇಲ್ಲಿ ತುಂಬಾ ಇದ್ದಾರೆ.

ಕಳೆದುಕೊಂಡದ್ದರ ಜೊತೆ ಪಡೆದದ್ದೂ ಇದೆ. 1945ರ ನಂತರ ಪೂರ್ವ ಯುರೋಪಿನಿಂದ ಹೊರದಬ್ಬಿಸಿಕೊಂಡು ಬಂದ ಜರ್ಮನ್ ನಿರಾಶ್ರಿತರು ಈ ಸೀಮೆಯ ಊರು ಊರಲ್ಲೂ ನೆಲೆಸಿದರು. ಮನೆ, ಶಾಲೆ, ಕೆಲಸ ಎಲ್ಲ ಒದಗಿಸಬೇಕಾಯಿತು. ಪ್ರಾಟೆಸ್ಟಂಟ್ ಊರುಗಳಲ್ಲಿ ಕ್ಯಾಥೋಲಿಕರು, ಕ್ಯಾಥೋಲಿಕ್ ಊರುಗಳಲ್ಲಿ ಪ್ರಾಟೆಸ್ಟಂಟರು ಬಂದು ಸೇರಿದರು. ನೂರಾರು ವರ್ಷ ಗಟ್ಟಿಯಾಗಿದ್ದ ಗಡಿ ಹೀಗೆ ಅಳಿಸಿತು.

ಆಮೇಲೆ 1970ರ ದಶಕ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಆಡಳಿತದ ಇಡೀ ಭೂಪಟವನ್ನೇ ತಿದ್ದಿತು. 1973ರಲ್ಲಿ 63 ಜಿಲ್ಲೆಗಳನ್ನು 35ಕ್ಕೆ ಇಳಿಸಿದರು. 3,300ಕ್ಕೂ ಜಾಸ್ತಿ ಇದ್ದ ಸ್ಥಳೀಯ ಸಂಸ್ಥೆಗಳು 1975ರ ಹೊತ್ತಿಗೆ 1,100ರ ಆಸುಪಾಸಿಗೆ ಬಂದವು. ಒಂದೊಂದು ಹಳ್ಳಿಗೂ ಸ್ವಂತ ಮೇಯರ್, ಸ್ವಂತ ಸಭೆ ಇದ್ದ ಕಾಲ ಅಲ್ಲಿಗೆ ಮುಗಿಯಿತು. ಬ್ರಾಕೆನ್‌ಹೈಮ್‌ಗೆ ಏಳು ಹಳ್ಳಿಗಳು ಬಂದು ಸೇರಿದವು. ಬೋಟೆನ್‌ಹೈಮ್, ಡ್ಯುರೆನ್‌ತ್ಸಿಮ್ಮೆರ್ನ್, ಹಾಬರ್‌ಶ್ಲಾಕ್ಟ್, ಹೌಸೆನ್, ಮೈಮ್ಸ್‌ಹೈಮ್, ನೈಪರ್ಗ್, ಸ್ಟಾಕ್‌ಹೈಮ್. ಟ್ಯೂಟಾನಿಕ್ ಆರ್ಡರಿನ ಹಳ್ಳಿ, ನೈಪರ್ಗ್ ಜಹಗೀರಿನ ಹಳ್ಳಿ, ವುರ್ಟೆಂಬರ್ಗ್ ದೊರೆಯ ಪಟ್ಟಣ, ಎಲ್ಲಕ್ಕೂ ಈಗ ಒಂದೇ ಆಡಳಿತ ಕಚೇರಿ. ಹಳ್ಳಿಯವರಿಗೆ ಇದು ಸುಲಭದ ಮಾತಾಗಿರಲಿಲ್ಲ. ಊರ ಹೆಸರನ್ನೂ ಹಬ್ಬವನ್ನೂ ಅಗ್ನಿಶಾಮಕ ತಂಡವನ್ನೂ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ, ಅಲ್ವಾ?

ಇವತ್ತು ಏಣಿ ಹೀಗಿದೆ. ಮೇಲೆ ಒಕ್ಕೂಟ ಸರ್ಕಾರ. ಅದರ ಕೆಳಗೆ ರಾಜ್ಯ. ರಾಜ್ಯದ ಕೆಳಗೆ ಹೈಲ್‌ಬ್ರಾನ್ ಜಿಲ್ಲೆ, ಅದರಲ್ಲಿ 46 ಸ್ಥಳೀಯ ಸಂಸ್ಥೆಗಳು. ಅವುಗಳಲ್ಲಿ ಒಂದು ಬ್ರಾಕೆನ್‌ಹೈಮ್. ನಿಮ್ಮ ಮಗಳಿಗೆ ಗೊಂದಲ ಆಗಬಾರದು ಅಂತ ಒಂದು ಮಾತು ಹೇಳುತ್ತೇನೆ. ಹೈಲ್‌ಬ್ರಾನ್ ಜಿಲ್ಲೆಯ ಕಚೇರಿ ಹೈಲ್‌ಬ್ರಾನ್ ನಗರದಲ್ಲೇ ಇದೆ, ಆದರೆ ಹೈಲ್‌ಬ್ರಾನ್ ನಗರ ಆ ಜಿಲ್ಲೆಗೆ ಸೇರಿಲ್ಲ. ನಗರವೇ ಒಂದು ಜಿಲ್ಲೆಯಂತೆ ಸ್ವತಂತ್ರ. ಅವಳು ನಗರದಲ್ಲಿ ಮನೆ ಮಾಡಿದರೆ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕಾದದ್ದು ನಗರದ ಕಚೇರಿಯಲ್ಲಿ. ಬ್ರಾಕೆನ್‌ಹೈಮ್‌ನಲ್ಲಿ ಮನೆ ಮಾಡಿದರೆ ಆ ಊರಿನ ಕಚೇರಿಯಲ್ಲಿ.

ಪುರಸಭೆಯಂಥದ್ದು ಇದೆಯಾ ಎಂದು ಕೇಳಿದಿರಿ. ಇದೆ. ಅದಕ್ಕೆ ಗೆಮೈಂಡೆರಾಟ್ ಎನ್ನುತ್ತಾರೆ, ಊರ ಸಭೆ ಅಂದುಕೊಳ್ಳಿ. 10 ಸಾವಿರದಿಂದ 20 ಸಾವಿರ ಜನ ಇರುವ ಊರಿಗೆ 22 ಸದಸ್ಯರು ಎಂದು ರಾಜ್ಯದ ಕಾಯ್ದೆಯಲ್ಲಿದೆ. ಐದು ವರ್ಷಕ್ಕೊಮ್ಮೆ ಚುನಾವಣೆ. ಸದಸ್ಯರಿಗೆ ಸಂಬಳ ಇಲ್ಲ, ಸಣ್ಣ ಭತ್ಯೆ ಮಾತ್ರ. ದ್ರಾಕ್ಷಿ ಬೆಳೆಗಾರರು, ಟೀಚರು, ಅಂಗಡಿಯವರು, ನಿವೃತ್ತರು, ಹೀಗೆ ಬೇರೆ ಕೆಲಸ ಇಟ್ಟುಕೊಂಡವರೇ ಸಂಜೆ ಬಂದು ಸಭೆಯಲ್ಲಿ ಕೂರುತ್ತಾರೆ.

ಈ ಚುನಾವಣೆಯ ಬಗೆ ನನಗೆ ತುಂಬಾ ಇಷ್ಟ. ಸಭೆಯಲ್ಲಿ 22 ಸ್ಥಾನ ಇದ್ದರೆ ಒಬ್ಬ ಮತದಾರನಿಗೆ 22 ಮತ. ಎಲ್ಲವನ್ನೂ ಒಂದೇ ಪಕ್ಷದ ಪಟ್ಟಿಗೆ ಕೊಡಬಹುದು. ಬೇಡವೆಂದರೆ ಬೇರೆ ಬೇರೆ ಪಟ್ಟಿಗಳಿಂದ ಬೇಕಾದ ಹೆಸರು ಆರಿಸಬಹುದು. ಒಬ್ಬರ ಮೇಲೆ ಜಾಸ್ತಿ ನಂಬಿಕೆ ಇದ್ದರೆ ಅವರಿಗೆ ಮೂರು ಮತಗಳವರೆಗೆ ಕೊಡಬಹುದು. ಹೀಗಾಗಿ ಪಟ್ಟಿಯ ಕೊನೆಯಲ್ಲಿ ಹೆಸರಿದ್ದವರೂ ಗೆದ್ದು ಬರುತ್ತಾರೆ. ಊರಿನ ವೈದ್ಯರೋ ಕ್ರೀಡಾ ಸಂಘ ನಡೆಸುವವರೋ ಯಾವ ಪಕ್ಷದಿಂದ ನಿಂತರೂ ಜನ ಮುಖ ನೋಡಿ ಮತ ಹಾಕುತ್ತಾರೆ. ಪಕ್ಷಗಳ ಜೊತೆ 'ಸ್ವತಂತ್ರ ಮತದಾರರು' ಎಂಬ ಹೆಸರಿನ ಗುಂಪುಗಳೂ ನಿಲ್ಲುತ್ತವೆ. ಈ ರಾಜ್ಯದ ಸಣ್ಣ ಊರುಗಳಲ್ಲಿ ಅವರ ಬಲ ಬಹಳ.

ಇಷ್ಟೆಲ್ಲ ಲೆಕ್ಕ ಹಾಕುವುದಕ್ಕೆ ಮತಗಟ್ಟೆಯಲ್ಲಿ ಸಮಯ ಸಾಲದು. ಅದಕ್ಕೇ ಮತಪತ್ರಗಳನ್ನು ಮೊದಲೇ ಮನೆಗೆ ಕಳಿಸುತ್ತಾರೆ. ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು, ಮನೆಮಂದಿ ಚರ್ಚೆ ಮಾಡಿ, ಅವರವರ ಹಾಳೆ ತುಂಬಿ, ಭಾನುವಾರ ಮತಗಟ್ಟೆಗೆ ಒಯ್ಯುತ್ತಾರೆ. ಮತ ಹಾಕುವ ವಯಸ್ಸು 16. ಯುರೋಪ್ ಒಕ್ಕೂಟದ ಬೇರೆ ದೇಶದವರೂ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಆ ಹಕ್ಕಿಲ್ಲ. ವರ್ಷಾನುಗಟ್ಟಲೆ ಅಲ್ಲೇ ತೆರಿಗೆ ಕಟ್ಟಿದರೂ ಇಲ್ಲ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಮೇಯರ್‌ನನ್ನು ಸದಸ್ಯರು ಆರಿಸುವುದಿಲ್ಲ. ಜನ ನೇರವಾಗಿ ಆರಿಸುತ್ತಾರೆ, ಅದೂ ಎಂಟು ವರ್ಷಕ್ಕೆ. ಇಲ್ಲೇ ನಮ್ಮ ಪದ್ಧತಿಗೂ ಅದಕ್ಕೂ ದೊಡ್ಡ ವ್ಯತ್ಯಾಸ. ನಮ್ಮ ಪುರಸಭೆಯಲ್ಲಿ ಅಧ್ಯಕ್ಷರು ಒಬ್ಬರು, ಸರ್ಕಾರ ಕಳಿಸುವ ಮುಖ್ಯಾಧಿಕಾರಿ ಇನ್ನೊಬ್ಬರು. ಅಲ್ಲಿ ಎರಡೂ ಒಬ್ಬರೇ. ಮೇಯರ್ ಸಭೆಯ ಅಧ್ಯಕ್ಷ, ಸಭೆಯಲ್ಲಿ ಮತ ಹಾಕುವ ಸದಸ್ಯ, ಕಚೇರಿಯ ಮುಖ್ಯಸ್ಥ. ಇಂಥ ಊರಿನಲ್ಲಿ ಅದು ಪೂರ್ಣಾವಧಿಯ ಕೆಲಸ, ಸಂಬಳ ಇರುತ್ತದೆ. ಈ ರಾಜ್ಯದ ಎಷ್ಟೋ ಮೇಯರ್‌ಗಳು ಲುಡ್ವಿಗ್ಸ್‌ಬರ್ಗ್ ಅಥವಾ ಕೇಲ್ ಊರಿನ ಆಡಳಿತ ಕಾಲೇಜಿನಲ್ಲಿ ಓದಿ ಬಂದವರು. ಯಾವ ಪಕ್ಷಕ್ಕೂ ಸೇರದವರೂ ತುಂಬಾ ಮಂದಿ. ಎಷ್ಟು ಸಲ ಗೆಲ್ಲಬಹುದು ಎಂಬುದಕ್ಕೆ ಮಿತಿ ಇಲ್ಲ. 16 ವರ್ಷ, 24 ವರ್ಷ ಒಬ್ಬರೇ ಇರುವುದೂ ಉಂಟು. ಜಿಲ್ಲೆಯ ಮುಖ್ಯಸ್ಥನನ್ನು ಮಾತ್ರ ಈ ರಾಜ್ಯದಲ್ಲಿ ಜನ ಆರಿಸುವುದಿಲ್ಲ. ಜಿಲ್ಲಾ ಸಭೆಯ ಸದಸ್ಯರು ಆರಿಸುತ್ತಾರೆ.

ಯಾರ ಕೆಲಸ ಯಾವುದು? ಪೊಲೀಸರು ರಾಜ್ಯದವರು. ಕಸದ ವ್ಯವಸ್ಥೆ ಜಿಲ್ಲೆಯದು. ನೀರು, ಚರಂಡಿ, ಊರೊಳಗಿನ ರಸ್ತೆ, ಸ್ಮಶಾನ, ಅಗ್ನಿಶಾಮಕ ದಳ ಊರಿನವು. ಇಂಥ ಊರುಗಳಲ್ಲಿ ಬೆಂಕಿ ಆರಿಸುವವರು ಸಂಬಳದವರಲ್ಲ, ಸ್ವಯಂಸೇವಕರು. ಸೈರನ್ ಕೂಗಿದರೆ ಮಾಡುವ ಕೆಲಸ ಬಿಟ್ಟು ಓಡುತ್ತಾರೆ. ಶಾಲೆಯಲ್ಲಿ ಕೆಲಸ ಹಂಚಿಹೋಗಿದೆ. ಕಟ್ಟಡ, ಬೆಂಚು, ಬೋರ್ಡು ಊರಿನ ಖರ್ಚು. ಟೀಚರ ನೇಮಕ, ಸಂಬಳ ರಾಜ್ಯದ್ದು. ಊರಿಗೆ ಅತಿ ಭಾರದ ಕೆಲಸ ಶಿಶುವಿಹಾರ. 2013ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಅಲ್ಲಿ ಜಾಗ ಪಡೆಯುವ ಹಕ್ಕಿದೆ. ಕಾನೂನು ಮಾಡಿದ್ದು ಮೇಲಿನವರು, ಕಟ್ಟಡ ಕಟ್ಟಿ ಶಿಕ್ಷಕಿಯರನ್ನು ಹುಡುಕಬೇಕಾದದ್ದು ಊರಿನವರು. ಜರ್ಮನಿಯ ಯಾವ ಸಣ್ಣ ಊರಿನ ಬಜೆಟ್ ಚರ್ಚೆಗೆ ಹೋಗಿ ಕೂತರೂ ಈ ಗೋಳು ಕೇಳಿಸುತ್ತದೆ.

ದುಡ್ಡು ಎಲ್ಲಿಂದ? ನೆಲದ ಕಂದಾಯ ಇದೆ. 2025ರಿಂದ ಈ ರಾಜ್ಯದಲ್ಲಿ ಅದನ್ನು ಬರೀ ಜಾಗದ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ, ಮೇಲೆ ಕಟ್ಟಿದ ಮನೆ ಲೆಕ್ಕಕ್ಕಿಲ್ಲ. ವ್ಯಾಪಾರ, ಕಾರ್ಖಾನೆಗಳ ಮೇಲಿನ ತೆರಿಗೆ ಇದೆ. ಇವೆರಡರ ದರ ನಿಗದಿ ಮಾಡುವುದು ಆ 22 ಸದಸ್ಯರ ಸಭೆಯೇ. ಊರಿನವರು ಕಟ್ಟುವ ಆದಾಯ ತೆರಿಗೆಯಲ್ಲಿ ಶೇ. 15 ಊರುಗಳ ಪಾಲಿಗೆ ಬರುತ್ತದೆ. ನಾಯಿ ಸಾಕಿದವರು ಕಟ್ಟುವ ತೆರಿಗೆಯೂ ಊರಿಗೇ. ಬಂದದ್ದರಲ್ಲಿ ಒಂದು ಭಾಗವನ್ನು ಊರು ಜಿಲ್ಲೆಗೆ ಕೊಡಬೇಕು.

ಈ ಅಧಿಕಾರ ರಾಜ್ಯ ಸರ್ಕಾರದ ಕೃಪೆಯಲ್ಲ. ದೇಶದ ಸಂವಿಧಾನದ 28ನೇ ವಿಧಿಯಲ್ಲೇ ಇದೆ. ಸ್ಥಳೀಯ ಸಮುದಾಯದ ಎಲ್ಲ ಕೆಲಸಗಳನ್ನು ಕಾನೂನಿನ ಚೌಕಟ್ಟಿನೊಳಗೆ ತನ್ನದೇ ಹೊಣೆಯಲ್ಲಿ ನಡೆಸುವ ಹಕ್ಕು ಪ್ರತಿ ಊರಿಗೂ ಇರಬೇಕು ಎಂದು ಅದು ಹೇಳುತ್ತದೆ. 1948-49ರಲ್ಲಿ ಆ ಸಂವಿಧಾನ ಬರೆಯಲು ಕೂತ ಸಭೆಯಲ್ಲಿ ತಿಯೋಡೋರ್ ಹಾಯ್ಸ್ ಇದ್ದರು. ಅವರು ಹುಟ್ಟಿದ ಊರಿನ ಜಿಲ್ಲಾ ಕಚೇರಿಯನ್ನು ಊರಿನವರನ್ನು ಕೇಳದೆ ಮುಚ್ಚಿ ಆಗಿನ್ನೂ ಹತ್ತು ವರ್ಷ ಆಗಿತ್ತು. 28ನೇ ವಿಧಿಯನ್ನು ನಾನು ಓದುವಾಗೆಲ್ಲ ಬ್ರಾಕೆನ್‌ಹೈಮ್ ನೆನಪಾಗುತ್ತದೆ.

ಸಭೆಯ ತೀರ್ಮಾನ ಜನರಿಗೆ ಒಪ್ಪಿಗೆ ಆಗದಿದ್ದರೆ ದಾರಿ ಇದೆ. ಈ ರಾಜ್ಯದಲ್ಲಿ ಮತದಾರರ ಪೈಕಿ ಶೇ. 7 ಮಂದಿ ಸಹಿ ಹಾಕಿದರೆ ಆ ವಿಷಯವನ್ನು ಇಡೀ ಊರಿನ ಮತಕ್ಕೆ ಹಾಕಬೇಕು. ಗೆಲ್ಲುವ ಕಡೆಗೆ ಬಹುಮತ ಬಂದರೆ ಸಾಲದು, ಒಟ್ಟು ಮತದಾರರಲ್ಲಿ ಶೇ. 20 ಮಂದಿಯಾದರೂ ಆ ಕಡೆ ಮತ ಹಾಕಿರಬೇಕು. ಬಜೆಟ್, ತೆರಿಗೆ ದರಗಳಂಥ ಕೆಲವು ವಿಷಯಗಳನ್ನು ಮಾತ್ರ ಹೀಗೆ ಮತಕ್ಕೆ ಹಾಕುವಂತಿಲ್ಲ.

ಇನ್ನು ನಿಮ್ಮ ಮಗಳು ನೋಡಿಬರುವ ವಿಷಯ. ಹೈಲ್‌ಬ್ರಾನ್‌ನಿಂದ ಬಸ್ಸಿನಲ್ಲಿ ಹೋಗಬಹುದು. ಇಲ್ಲವೇ ರೈಲಿನಲ್ಲಿ ಲೌಫೆನ್‌ವರೆಗೆ ಹೋಗಿ ಅಲ್ಲಿಂದ ಬಸ್ ಹಿಡಿಯಬಹುದು. ಎರಡನೇ ದಾರಿಯೇ ನನಗೆ ಇಷ್ಟ. ಲೌಫೆನ್ ಸುಮ್ನೆ ದಾಟಿ ಹೋಗುವ ಊರಲ್ಲ. ಕವಿ ಹೋಲ್ಡರ್ಲಿನ್ 1770ರಲ್ಲಿ ಹುಟ್ಟಿದ್ದು ಅಲ್ಲೇ. 1891ರಲ್ಲಿ ಅಲ್ಲಿನ ನೀರಿನಿಂದ ತೆಗೆದ ತ್ರೀ ಫೇಸ್ ವಿದ್ಯುತ್ತನ್ನು ತಂತಿಯ ಮೇಲೆ 175 ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟ್‌ಗೆ ಕಳಿಸಿ ತೋರಿಸಿದರು. ಅಷ್ಟು ದೂರಕ್ಕೆ ಹಾಗೆ ಕಳಿಸಿದ್ದು ಅದೇ ಮೊದಲು.

ಬ್ರಾಕೆನ್‌ಹೈಮ್‌ನಲ್ಲಿ ಹಳೆಯ ಊರನ್ನು ನಡೆದೇ ನೋಡಬಹುದು. ಅಲ್ಲಿ ಹಾಯ್ಸ್ ಮ್ಯೂಸಿಯಂ ಇದೆ. ಹೋಗುವ ಮೊದಲು ತೆರೆದಿರುವ ದಿನ ನೋಡಿಕೊಳ್ಳಲಿ. ಹಳೆಯ ಜೋಹಾನಿಸ್ ಚರ್ಚನ್ನು ಬಿಡಬಾರದು. ಮೊಗ್ಲಿಂಗ್ ಹುಟ್ಟಿದಾಗಲೇ ಅದಕ್ಕೆ ನೂರಾರು ವರ್ಷ ಆಗಿತ್ತು. ಸಮಯ ಇದ್ದರೆ ಪಕ್ಕದ ಕ್ಲೇಬ್ರಾನ್ ಊರಿನ ಮಿಖಾಯೆಲ್ಸ್‌ಬರ್ಗ್ ಗುಡ್ಡ ಹತ್ತಲಿ. ಎತ್ತರ 394 ಮೀಟರ್, ಮೇಲೆ ಒಂದು ಪುಟ್ಟ ಚರ್ಚು. ಇಡೀ ತ್ಸಾಬರ್‌ಗೌ ಅಲ್ಲಿಂದ ಒಂದೇ ನೋಟಕ್ಕೆ ಸಿಗುತ್ತದೆ.

ಹೋಗುವುದಾದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಒಳ್ಳೆಯದು. ಆಗ ದ್ರಾಕ್ಷಿ ಕೊಯ್ಲು. ಗುಡ್ಡದ ಮೈ ಹಳದಿ, ಕೆಂಪು ಆಗಿರುತ್ತದೆ. ಕೆಲವು ಮನೆಗಳ ಮುಂದೆ ಒಂದು ಪೊರಕೆ ಕಟ್ಟಿರುವುದು ಕಾಣಬಹುದು. 'ಇವತ್ತು ನಮ್ಮಲ್ಲಿ ಊಟ, ವೈನ್ ಇದೆ' ಎಂಬ ಗುರುತು ಅದು. ಬೆಳೆಗಾರರು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು ಹೀಗೆ ತಮ್ಮ ಮನೆಯಲ್ಲೇ ಜನರನ್ನು ಕೂರಿಸಿ ಬಡಿಸಬಹುದು. ವೈನ್ ಕುಡಿಯದವರಿಗೆ ದ್ರಾಕ್ಷಿ ರಸ ಕೊಡುತ್ತಾರೆ. ಉದ್ದ ಬೆಂಚಿನ ಮೇಲೆ ಗುರುತಿಲ್ಲದವರ ಪಕ್ಕದಲ್ಲೇ ಕೂರಬೇಕು, ಹಾಗಾಗಿ ಮಾತು ತಾನಾಗಿ ಶುರುವಾಗುತ್ತದೆ. ಎಲ್ಲಿಂದ ಬಂದಿರಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ನಿಮ್ಮ ಮಗಳು 'ಮಂಗಳೂರ ಸಮಾಚಾರ'ದ ಕಥೆ ಹೇಳಲಿ.

ಊರ ಸಭೆಯೂ ಎಲ್ಲರಿಗೂ ತೆರೆದಿರುತ್ತದೆ. ದಿನಾಂಕ, ಚರ್ಚೆಯ ವಿಷಯ ಮೊದಲೇ ಪ್ರಕಟಿಸುತ್ತಾರೆ. ಪಾಸ್ ಬೇಡ, ಮತದ ಹಕ್ಕೂ ಬೇಡ. ಹಿಂದಿನ ಕುರ್ಚಿಯಲ್ಲಿ ಹೋಗಿ ಕೂತರೆ ಆಯಿತು.